ವಿಧಿಯೂ ವಿಕಲ್ಪವೂ: ಅರ್ಬುದ ಚಿಕಿತ್ಸೆಯಲ್ಲಿ ಮಾರ್ಗಸೂಚಿಯ ಸ್ಥಾನ

ಕನ್ನಡ ವ್ಯಾಕರಣವನ್ನು ಅಭ್ಯಸಿಸುವ ಬಾಲಕನು ಮೊದಮೊದಲು ಕಲಿಯುವ ಸಂಧಿಕಾರ್ಯಗಳಲ್ಲಿ ಲೋಪಸಂಧಿಯೂ ಒಂದು. ಸ್ವರದ ಮುಂದೆ ಸ್ವರವು ಬಂದರೆ ಪೂರ್ವಪದದ ಕೊನೆಯ ಸ್ವರವು ಲೋಪವಾಗುತ್ತದೆ ಎಂಬುದು ವಿಧಿ. ಮಾತು ಎಂಬುದಕ್ಕೆ ಇಲ್ಲ ಎಂಬುದು ಸೇರಿದರೆ ಮಾತಿಲ್ಲ ಎಂದಾಗುತ್ತದೆ. ಆದರೆ ಉಪಾಧ್ಯಾಯರು ಪಾಠವನ್ನು ಅಲ್ಲಿಗೇ ಮುಗಿಸುವುದಿಲ್ಲ. ಅರ್ಥಕ್ಕೆ ಕೇಡು ಬಾರದಿದ್ದರೆ ಮಾತ್ರ ಎಂಬ ನಿಬಂಧನೆಯನ್ನೂ ಸೇರಿಸಿಯೇ ಹೇಳಿಕೊಡುತ್ತಾರೆ. ಮನೆ ಎಂಬುದರ ಮುಂದೆ ಅನ್ನು ಎಂಬ ಪ್ರತ್ಯಯವು ಬಂದಾಗ ಯಾವನಾದರೂ ವಿಧಿನಿಷ್ಠನು ಲೋಪವನ್ನೇ ಮಾಡಹೊರಟರೆ ಮನೆಯೇ ಅಳಿಸಿಹೋಗುತ್ತದೆ. ಅಲ್ಲಿ ಯಕಾರವು ಆಗಮವಾಗಿ ಮನೆಯನ್ನು ಎಂದಾಗತಕ್ಕದ್ದು. ಉತ್ಸರ್ಗವೆಂದರೆ ಸಾಮಾನ್ಯ ವಿಧಿ. ಅಪವಾದವೆಂದರೆ ಅದನ್ನು ತಡೆಯುವ ವಿಶೇಷ ವಿಧಿ. ಎರಡು ರೂಪಗಳೂ ಸಾಧುವೆನಿಸುವ ಕಡೆ ವಿಕಲ್ಪ. ಈ ಮೂರನ್ನೂ ಬಲ್ಲವನನ್ನು ವೈಯಾಕರಣನೆನ್ನುತ್ತಾರೆ. ಸೂತ್ರವನ್ನು ಕೇವಲ ಕಂಠಪಾಠ ಮಾಡಿದವನಿಗೂ, ಸೂತ್ರವೇ ಬೇಡವೆಂದು ಬಾಯಿಗೆ ಬಂದಂತೆ ನುಡಿಯುವವನಿಗೂ ಆ ಹೆಸರು ಸಲ್ಲದು.

ಅರ್ಬುದರೋಗದ ಚಿಕಿತ್ಸೆಯನ್ನು ಕುರಿತ ಲೇಖನಕ್ಕೆ ವ್ಯಾಕರಣದ ಪೀಠಿಕೆಯೇಕೆಂದು ವಾಚಕರು ಹುಬ್ಬೇರಿಸಬಹುದು. ಕಾರಣವುಂಟು. ಜನರು ಕ್ಯಾನ್ಸರ್ ಎಂದು ಕರೆಯುವ, ಹಳ್ಳಿಗಳಲ್ಲಿ ಎಷ್ಟೋ ಮಂದಿ ಇಂದಿಗೂ ಹೆಸರೆತ್ತಲು ಅಂಜುವ ಈ ವ್ಯಾಧಿಗೆ ಈಗ ಸೂತ್ರಪ್ರಾಯವಾದ ಗ್ರಂಥಗಳಿವೆ. ಇವುಗಳಿಗೆ ವೈದ್ಯರು ಮಾರ್ಗಸೂಚಿಗಳೆಂದು ಹೆಸರಿಟ್ಟಿದ್ದಾರೆ. ಗಡ್ಡೆಯು ಯಾವ ಅವಯವದಲ್ಲಿದೆ, ಎಷ್ಟು ಬೆಳೆದಿದೆ, ಎಲ್ಲಿಗೆ ಹಬ್ಬಿದೆ ಎಂಬುದನ್ನು ನಿಶ್ಚಯಿಸಿಕೊಂಡ ಬಳಿಕ ಮೊದಲು ಶಸ್ತ್ರಕ್ರಿಯೆಯೋ ಕಿರಣಚಿಕಿತ್ಸೆಯೋ, ಔಷಧವಾದರೆ ಯಾವುದು, ಯಾವ ಪ್ರಮಾಣದಲ್ಲಿ, ಎಷ್ಟು ಆವೃತ್ತಿ, ಎಷ್ಟು ದಿನಗಳ ಅಂತರದಲ್ಲಿ ಎಂಬುದೆಲ್ಲವನ್ನೂ ಅವು ಕ್ರಮವಾಗಿ ಹೇಳುತ್ತವೆ. ಅವುಗಳನ್ನು ವೈದ್ಯರು ಎಷ್ಟರಮಟ್ಟಿಗೆ ಅನುಸರಿಸುತ್ತಾರೆ? ಅನುಸರಿಸದ ಕಡೆ ಅದು ವಿವೇಕವೋ ಪ್ರಮಾದವೋ? ವಿಧಿಯನ್ನು ಅಕ್ಷರಶಃ ಪಾಲಿಸತಕ್ಕದ್ದೆಂದು ಕೆಲವರೂ, ಎಲ್ಲವನ್ನೂ ವೈದ್ಯನ ಅನುಭವಕ್ಕೆ ಬಿಡಬೇಕೆಂದು ಕೆಲವರೂ ವಾದಿಸುತ್ತಾರೆ. ಈ ಎರಡು ವಾದಗಳಲ್ಲಿ ಯಾವುದನ್ನು ಒಪ್ಪಿದರೂ ರೋಗಿಗೆ ನ್ಯಾಯ ದೊರೆಯದು. ವಿಧಿಯನ್ನು ಬಿಡುವ ಅಧಿಕಾರವು ವೈದ್ಯನಿಗಿದೆ; ಆದರೆ ಏಕೆ ಬಿಟ್ಟೆನೆಂಬುದನ್ನು ಬರೆದಿಡುವ ಹೊಣೆಯೂ ಅವನದೇ. ಬಡತನದಿಂದಲೋ ದೂರದಿಂದಲೋ ವಿಧಿಯು ತಪ್ಪಿದಾಗ ಆ ಲೋಪವನ್ನು ವೈದ್ಯನ ವಿವೇಕದ ಖಾತೆಗೆ ಜಮಾ ಮಾಡುವುದಂತೂ ಸರ್ವಥಾ ಅನುಚಿತ.

ಜ್ವರಕ್ಕೆ ಕೊಟ್ಟ ಔಷಧವು ಹತ್ತದೆಹೋದರೆ ಮೂರನೆಯ ದಿನ ಬೇರೊಂದನ್ನು ಕೊಡಬಹುದು. ಅರ್ಬುದದಲ್ಲಿ ಅಂಥ ಅವಕಾಶವು ಅತ್ಯಲ್ಪ. ಮೊದಲು ನಡೆದ ಚಿಕಿತ್ಸೆಯೇ ಬಹುಪಾಲು ಮುಂದಿನದನ್ನೆಲ್ಲ ನಿರ್ಧರಿಸಿಬಿಡುತ್ತದೆ. ಅದಲ್ಲದೆ ಇಲ್ಲಿ ಒಬ್ಬ ವೈದ್ಯನ ಕೈಯಲ್ಲಿ ಕೆಲಸವು ಮುಗಿಯುವುದಿಲ್ಲ. ಶಸ್ತ್ರವೈದ್ಯರು, ಕಿರಣವೈದ್ಯರು, ಔಷಧವೈದ್ಯರು, ಇವರ ಹಿಂದೆ ಗಡ್ಡೆಯ ತುಣುಕನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ ಹೇಳುವವರು, ಇಷ್ಟು ಮಂದಿಯೂ ಒಬ್ಬರ ಮಾತಿಗೊಬ್ಬರು ಹೊಂದಿಕೊಂಡು ನಡೆಯಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅರ್ಬುದ ನೋಂದಣಿ ಕಾರ್ಯಕ್ರಮದವರ ಅಂದಾಜಿನಂತೆ ೨೦೨೨ರಲ್ಲಿ ಈ ದೇಶದಲ್ಲಿ ಹೊಸದಾಗಿ ರೋಗಕ್ಕೆ ತುತ್ತಾದವರ ಸಂಖ್ಯೆ ೧೪ ಲಕ್ಷ ೬೦ ಸಾವಿರವನ್ನು ಮೀರಿತ್ತು. ಇಷ್ಟು ಮಂದಿಗೆ ಆಯಾ ಊರಿನ ವೈದ್ಯರ ಅಭಿರುಚಿಗೆ ತಕ್ಕಂತೆ ಬೇರೆಬೇರೆ ಚಿಕಿತ್ಸೆಯೆಂದರೆ ಅದು ಶಾಸ್ತ್ರವೆನಿಸೀತೇ?

ಹಾಗೆಂದು ವಿಧಿಯೆಂಬುದೆಲ್ಲ ಪೂಜಾರ್ಹವೂ ಅಲ್ಲ. ಸ್ತನಾರ್ಬುದದ ಇತಿಹಾಸವನ್ನು ಬಲ್ಲವರಿಗೆ ಈ ಮಾತನ್ನು ಒತ್ತಿ ಹೇಳಬೇಕಾಗಿಲ್ಲ. ಅಮೆರಿಕದ ಬಾಲ್ಟಿಮೋರ್ ನಗರದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿದ್ದ ವಿಲಿಯಂ ಹಾಲ್‌ಸ್ಟೆಡ್ ಎಂಬ ಮಹಾಶಸ್ತ್ರವೈದ್ಯರು ೧೮೯೪ರಲ್ಲಿ ತಮ್ಮ ಶಸ್ತ್ರಕ್ರಿಯೆಯ ವಿವರಗಳನ್ನು ಪ್ರಕಟಿಸಿದರು. ರೋಗವು ಗಡ್ಡೆಯಿಂದ ಹೊರಟು ಸುತ್ತಲಿನ ಭಾಗಗಳಿಗೆ ಕ್ರಮವಾಗಿ ಹಬ್ಬುವುದಾದುದರಿಂದ ಸ್ತನವನ್ನೂ, ಅದರ ಕೆಳಗಿನ ಎದೆಯ ಮಾಂಸಖಂಡಗಳನ್ನೂ, ಕಂಕುಳಿನ ಗ್ರಂಥಿಗಳನ್ನೂ ಒಟ್ಟಾಗಿ ಕತ್ತರಿಸಿ ತೆಗೆದರೆ ರೋಗವು ಬೇರುಸಹಿತ ಹೋಗುತ್ತದೆಂಬುದು ಅವರ ಮತ. ಅಂದಿನ ಕಾಲಕ್ಕೆ ಅದು ದೊಡ್ಡ ಮುನ್ನಡೆಯೇ ಸರಿ. ಆದರೆ ಗುರುವಿನ ಮತವು ಶಿಷ್ಯರಲ್ಲಿ ವಿಧಿಯಾಯಿತು. ಶಿಷ್ಯರ ಶಿಷ್ಯರಲ್ಲಿ ಪ್ರಶ್ನಿಸಬಾರದ ಆಚಾರವಾಯಿತು. ಮುಕ್ಕಾಲು ಶತಮಾನದ ಕಾಲ ಲಕ್ಷಾಂತರ ಸ್ತ್ರೀಯರು ಎದೆಯ ಮಾಂಸಖಂಡವನ್ನು ಕಳೆದುಕೊಂಡು, ಬಾತ ತೋಳನ್ನು ಹೊತ್ತು ಬದುಕಿದರು. ಅವರಿಗೆ ಚಿಕಿತ್ಸೆ ಮಾಡಿದ ವೈದ್ಯರು ಪ್ರಮಾದಿಗಳಾಗಿರಲಿಲ್ಲ. ವಿಧಿಪಾಲನೆಯನ್ನು ಮಾತ್ರ ಅಳೆಯುವ ಮಾಪನವು ಅಂದು ಇದ್ದಿದ್ದರೆ ಅವರಿಗೆ ನೂರಕ್ಕೆ ನೂರು ಅಂಕಗಳು ದೊರೆಯುತ್ತಿದ್ದವು.

ಆ ಆಚಾರವನ್ನು ಪರೀಕ್ಷೆಗೊಡ್ಡಿದವರಲ್ಲಿ ಪಿಟ್ಸ್‌ಬರ್ಗಿನ ಬರ್ನಾರ್ಡ್ ಫಿಶರ್ ಅವರೂ, ಇಟಲಿಯ ಮಿಲಾನ್ ನಗರದ ಉಂಬೆರ್ತೊ ವೆರೊನೇಸಿ ಅವರೂ ಪ್ರಮುಖರು. ಇಬ್ಬರೂ ಮಾಡಿದ ಕಾರ್ಯದ ಸ್ವರೂಪ ಒಂದೇ. ರೋಗಿಗಳನ್ನು ಚೀಟಿಯೆತ್ತಿದಂತೆ ಗುಂಪುಗಳಾಗಿ ವಿಂಗಡಿಸಿ, ಒಂದು ಗುಂಪಿಗೆ ಸ್ತನವನ್ನು ಪೂರ್ತಿಯಾಗಿ ತೆಗೆಯುವ ಶಸ್ತ್ರಕ್ರಿಯೆಯನ್ನೂ ಇನ್ನೊಂದು ಗುಂಪಿಗೆ ಗಡ್ಡೆಯಿರುವ ಭಾಗವನ್ನಷ್ಟೇ ತೆಗೆದು ಕಿರಣಚಿಕಿತ್ಸೆಯನ್ನೂ ಕೊಟ್ಟು, ವರ್ಷಾನುವರ್ಷ ಕಾದು ನೋಡಿದರು. ವೆರೊನೇಸಿಯವರ ಪರೀಕ್ಷೆಗೆ ಒಳಪಟ್ಟ ಸ್ತ್ರೀಯರು ೭೦೧ ಮಂದಿ. ಅದರ ಮೊದಲ ಫಲಿತಾಂಶ ೧೯೮೧ರಲ್ಲಿಯೂ, ಫಿಶರ್ ಅವರದು ೧೯೮೫ರಲ್ಲಿಯೂ ಪ್ರಕಟವಾದವು. ಇಪ್ಪತ್ತು ವರ್ಷಗಳ ಫಲಿತಾಂಶವು ೨೦೦೨ರಲ್ಲಿ ಬಂದಾಗಲೂ ನಿರ್ಣಯವು ಬದಲಾಗಲಿಲ್ಲ: ಎರಡು ಗುಂಪುಗಳ ಸ್ತ್ರೀಯರ ಆಯುಷ್ಯದಲ್ಲಿ ಭೇದವಿರಲಿಲ್ಲ. ೧೯೯೦ರಲ್ಲಿಯೇ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯು ಕರೆದ ವಿದ್ವತ್ಸಭೆಯು ಆರಂಭದ ಹಂತದ ರೋಗಕ್ಕೆ ಸ್ತನವನ್ನುಳಿಸುವ ಚಿಕಿತ್ಸೆಯೇ ಮೇಲೆಂದು ಸಾರಿತ್ತು. ಹೀಗಿದ್ದರೂ ಆ ದೇಶದ ಒಂದು ಪ್ರಾಂತದಲ್ಲಿ ಅದು ಬಹುಬೇಗ ರೂಢಿಗೆ ಬಂದರೆ ಇನ್ನೊಂದು ಪ್ರಾಂತದಲ್ಲಿ ಹಳೆಯ ಕ್ರಮವೇ ಮುಂದುವರಿಯಿತು. ರೋಗವು ಒಂದೇ, ಶಾಸ್ತ್ರವೂ ಒಂದೇ. ವೈದ್ಯರ ಕೈಯ ಅಭ್ಯಾಸವು ಬೇರೆಬೇರೆಯಾಗಿತ್ತು.

ಚರಕಸಂಹಿತೆಯು ಆಪ್ತೋಪದೇಶ, ಪ್ರತ್ಯಕ್ಷ, ಅನುಮಾನ, ಯುಕ್ತಿ ಎಂಬ ನಾಲ್ಕು ಪ್ರಮಾಣಗಳನ್ನು ಅಂಗೀಕರಿಸುತ್ತದೆಂಬುದು ಸಂಸ್ಕೃತಜ್ಞರಿಗೆ ವಿದಿತವೇ ಇದೆ. ಹಾಲ್‌ಸ್ಟೆಡ್ಡರ ವಿಧಿಯು ಆಪ್ತೋಪದೇಶವೊಂದನ್ನೇ ನೆಚ್ಚಿ ನಿಂತಿತು. ಇಂದಿನ ಮಾರ್ಗಸೂಚಿಯ ವಿಶೇಷವೇನೆಂದರೆ, ತಾನು ಹೇಳುವ ಪ್ರತಿಯೊಂದು ಮಾತಿಗೂ ಆಧಾರವೇನು, ಆ ಆಧಾರವು ಎಷ್ಟು ಗಟ್ಟಿಯೆಂಬುದನ್ನೂ ಅದು ಜೊತೆಯಲ್ಲಿಯೇ ಹೇಳುತ್ತದೆ. ದೊಡ್ಡ ಪರೀಕ್ಷೆಗಳಿಂದ ಸಿದ್ಧವಾದುದು ಯಾವುದು, ಕೇವಲ ಹಿರಿಯರ ಅಭಿಪ್ರಾಯ ಯಾವುದೆಂಬುದನ್ನು ಓದುಗ ವೈದ್ಯನು ಅಲ್ಲಿಯೇ ಕಾಣಬಹುದು. ಕೇಶಿರಾಜನು ತನ್ನ ಸೂತ್ರಗಳಿಗೆ ಪೂರ್ವಕವಿಗಳ ಪ್ರಯೋಗಗಳನ್ನು ಲಕ್ಷ್ಯವಾಗಿ ಕೊಟ್ಟುದರಿಂದಲೇ ಶಬ್ದಮಣಿದರ್ಪಣಕ್ಕೆ ಅಷ್ಟು ಮಾನ್ಯತೆಯುಂಟಾಯಿತಲ್ಲವೇ? ಲಕ್ಷ್ಯವಿಲ್ಲದ ಲಕ್ಷಣವನ್ನು ವಿದ್ವಾಂಸರು ಒಪ್ಪುವುದಿಲ್ಲ.

ಇಂಥ ಗ್ರಂಥರಚನೆಯು ವ್ಯವಸ್ಥಿತವಾದದ್ದು ೧೯೯೦ರ ದಶಕದಲ್ಲಿ. ಅಮೆರಿಕದಲ್ಲಿ ಹದಿಮೂರು ಅರ್ಬುದ ಕೇಂದ್ರಗಳು ೧೯೯೫ರಲ್ಲಿ ಒಂದು ಒಕ್ಕೂಟವಾಗಿ, ಮರುವರ್ಷವೇ ಮಾರ್ಗಸೂಚಿಗಳನ್ನು ಹೊರತಂದವು. ಫ್ರಾನ್ಸಿನ ಅರ್ಬುದ ಕೇಂದ್ರಗಳ ಒಕ್ಕೂಟದವರು ಅದಕ್ಕೂ ಮುನ್ನ, ೧೯೯೩ರಲ್ಲಿ, ಕೆಲಸವನ್ನು ಆರಂಭಿಸಿದ್ದರು. ಅವರು ಇಟ್ಟ ಹೆಸರು ವೈಯಾಕರಣರಿಗೆ ಮೆಚ್ಚುಗೆಯಾಗುವಂಥದು: ಮಾನದಂಡಗಳು, ವಿಕಲ್ಪಗಳು, ಸಲಹೆಗಳು. ಎಲ್ಲರೂ ಒಪ್ಪಿದ್ದು ಮಾನದಂಡ. ಎರಡು ಮಾರ್ಗಗಳೂ ಸಾಧುವಾದ ಕಡೆ ವಿಕಲ್ಪ. ವಿಕಲ್ಪಗಳಲ್ಲಿ ಯಾವುದು ಮೇಲೆಂಬುದಕ್ಕೆ ಸಲಹೆ. ಲಿಯೊನ್ ನಗರದ ಅರ್ಬುದ ಕೇಂದ್ರದಲ್ಲಿ ಈ ಗ್ರಂಥವು ಬಳಕೆಗೆ ಬರುವ ಮುನ್ನ ೧೯೯೩ರಲ್ಲಿಯೂ, ಬಂದಮೇಲೆ ೧೯೯೫ರಲ್ಲಿಯೂ ರೋಗಿಗಳ ಕಡತಗಳನ್ನು ತೆಗೆದು ಲೆಕ್ಕ ಹಾಕಿದರು. ಸ್ತನಕ್ಕೆ ಸೀಮಿತವಾದ ಅರ್ಬುದದಲ್ಲಿ ಚಿಕಿತ್ಸೆಯ ಸಮಗ್ರ ಕ್ರಮವು ವಿಧಿಗನುಸಾರವಾಗಿದ್ದುದು ಮೊದಲು ನೂರಕ್ಕೆ ೧೯ರಷ್ಟು ಮಾತ್ರ. ಎರಡು ವರ್ಷಗಳ ಬಳಿಕ ೫೪. ದೊಡ್ಡ ಕರುಳಿನ ಅರ್ಬುದದಲ್ಲಿ ೫೦ರಿಂದ ೭೦ಕ್ಕೆ ಏರಿತು. ಹೆಸರಾಂತ ಕೇಂದ್ರವೊಂದರಲ್ಲಿಯೇ ಐವರಲ್ಲಿ ಒಬ್ಬಳಿಗೆ ಮಾತ್ರ ಆದ್ಯಂತ ವಿಧಿವತ್ತಾದ ಚಿಕಿತ್ಸೆ ದೊರೆಯುತ್ತಿತ್ತೆಂಬುದು ಕಳವಳಕಾರಿ. ಆದರೆ ಅದೇ ಲೆಕ್ಕದ ಇನ್ನೊಂದು ಮುಖವೂ ಉಂಟು. ಗ್ರಂಥವು ಕೈಗೆ ಬಂದಮೇಲೂ ಸುಮಾರು ಅರ್ಧದಷ್ಟು ಸ್ತ್ರೀಯರ ವಿಷಯದಲ್ಲಿ ವೈದ್ಯರು ಎಲ್ಲಿಯೋ ಒಂದು ಕಡೆ ಅದನ್ನು ಬಿಟ್ಟಿದ್ದರು. ಇವರೆಲ್ಲರೂ ತಪ್ಪಿದವರೆನ್ನಬೇಕೇ? ಶೇಕಡಾವಾರು ಅಂಕಿಯು ಅದನ್ನು ಹೇಳಲಾರದು.

ವೃದ್ಧನೊಬ್ಬನ ಮೂತ್ರಪಿಂಡಗಳು ಕುಗ್ಗಿರುವಾಗ ಸಿಸ್‌ಪ್ಲಾಟಿನ್ ಎಂಬ ಔಷಧವನ್ನು ಕೊಡದ ವೈದ್ಯನು ವಿಧಿಯನ್ನು ಬಿಟ್ಟನೆಂದು ಲೆಕ್ಕದವನು ಬರೆದುಕೊಂಡಾನು. ಆ ಔಷಧವು ಮೂತ್ರಪಿಂಡಕ್ಕೆ ಅಪಾಯಕಾರಿಯೆಂಬುದನ್ನು ಬಲ್ಲವನು ಅದನ್ನು ವಿಧಿಪಾಲನೆಯೆಂದೇ ಎಣಿಸುವನು. ಹೃದಯವು ದುರ್ಬಲವಾಗಿರುವವಳಿಗೆ ಡಾಕ್ಸೊರುಬಿಸಿನ್ ಎಂಬುದನ್ನು ಬಿಟ್ಟುದೂ ಹಾಗೆಯೇ. ಮನೆಯನ್ನು ಎಂಬಲ್ಲಿ ಲೋಪ ಮಾಡದೆ ಆಗಮ ಮಾಡಿದಂತೆ ಇದು, ಅರ್ಥವು ಉಳಿಯಿತು. ಎಲ್ಲವನ್ನೂ ತಿಳಿದುಕೊಂಡ ಬಳಿಕ ರೋಗಿಯೇ ತನಗೆ ಈ ಚಿಕಿತ್ಸೆ ಬೇಡ, ಮನೆಯಲ್ಲಿ ನೋವಿಲ್ಲದಂತೆ ಇರುವಷ್ಟು ಮಾಡಿರೆಂದು ಕೇಳಿಕೊಂಡರೆ ಆ ಮಾತನ್ನು ನಡೆಸಿಕೊಡುವುದೂ ವೈದ್ಯಧರ್ಮವೇ.

ಅಭ್ಯಾಸಬಲದಿಂದಲೂ ಧನಲೋಭದಿಂದಲೂ ಆಗುವ ಉಲ್ಲಂಘನೆಗೆ ಅಂಥ ಸಮರ್ಥನೆಯಿಲ್ಲ. ಸ್ತನಾರ್ಬುದದ ಶಸ್ತ್ರಕ್ರಿಯೆಯ ತರುವಾಯ ಕೊಡುವ ಕಿರಣಚಿಕಿತ್ಸೆಯು ಬಹುಕಾಲದಿಂದ ಇಪ್ಪತ್ತೈದು ಸರದಿಗಳದ್ದಾಗಿತ್ತು. ವಾರಕ್ಕೆ ಐದು ದಿನಗಳಂತೆ ಐದು ವಾರಗಳು. ಹದಿನೈದು ಹದಿನಾರು ಸರದಿಗಳೇ ಸಾಕೆಂಬುದು ಬ್ರಿಟನ್ನಿನಲ್ಲಿಯೂ ಕೆನಡಾದಲ್ಲಿಯೂ ನಡೆದ ಪರೀಕ್ಷೆಗಳಿಂದ ೨೦೧೦ರೊಳಗೆ ಸಿದ್ಧವಾಯಿತು. ಅಮೆರಿಕದ ಕಿರಣವೈದ್ಯರ ಸಂಘವು ೨೦೧೧ರಲ್ಲಿ ಇದನ್ನು ತಕ್ಕ ರೋಗಿಗಳಿಗೆ ಒಪ್ಪಿತು. ಆದರೂ ಹಾಗೆ ಒಪ್ಪಿದ ವರ್ಗದ ಸ್ತ್ರೀಯರಲ್ಲಿಯೇ ಕಿರಿದಾದ ಕ್ರಮವನ್ನು ಪಡೆದವರು ೨೦೦೮ರಲ್ಲಿ ನೂರಕ್ಕೆ ೧೦.೬ ಇದ್ದದ್ದು ೨೦೧೩ರಲ್ಲಿ ೩೪.೫ಕ್ಕೆ ಮಾತ್ರ ಏರಿತ್ತೆಂದು ಅಲ್ಲಿನ ವಿಮಾ ಕಂಪನಿಗಳ ದಾಖಲೆಗಳಿಂದ ತಿಳಿದುಬಂದಿತು. ಸರದಿಯ ಲೆಕ್ಕದಲ್ಲಿ ಹಣವು ಸಲ್ಲುವ ಪದ್ಧತಿಯಿರುವಲ್ಲಿ ಸರದಿಗಳು ಕಡಿಮೆಯಾಗಲು ತಡವಾಗುವುದು ಆಶ್ಚರ್ಯವಲ್ಲ. ಮಾತು ಕಟುವಾದರೂ ಹೇಳದೆ ವಿಧಿಯಿಲ್ಲ. ಬ್ರಿಟನ್ನಿನವರು ೨೦೨೦ರಲ್ಲಿ ಇನ್ನೂ ಮುಂದೆ ಹೋಗಿ ಐದೇ ಸರದಿಗಳ, ಒಂದೇ ವಾರದ ಕ್ರಮವೂ ಹಿಂದಿನದಕ್ಕೆ ಸಮವೆಂದು ತೋರಿಸಿದರು. ಹಾಗೆಯೇ ಎಪ್ಪತ್ತು ವರ್ಷ ದಾಟಿದ ಸ್ತ್ರೀಯರಲ್ಲಿ ಚಿಕ್ಕ ಗಡ್ಡೆಯನ್ನು ತೆಗೆದು, ಹಾರ್ಮೋನು ತಡೆಯುವ ಮಾತ್ರೆಯನ್ನು ಕೊಡುತ್ತಿದ್ದರೆ ಕಿರಣಚಿಕಿತ್ಸೆಯನ್ನು ಬಿಡಬಹುದೆಂಬುದು ೨೦೦೪ರಲ್ಲಿ ಪ್ರಕಟವಾದ ಅಮೆರಿಕದ ಪರೀಕ್ಷೆಯೊಂದರ ಫಲಿತಾಂಶ. ಆ ಬಳಿಕವೂ ಅನೇಕ ವರ್ಷ ಅಂಥವರಲ್ಲಿ ಬಹುಮಂದಿಗೆ ಕಿರಣಚಿಕಿತ್ಸೆಯು ನಡೆದೇ ಇತ್ತು. ಕಡಿಮೆ ಮಾಡುವುದೊಂದೇ ಉಲ್ಲಂಘನೆಯೆಂದು ಜನರು ತಿಳಿದಿದ್ದಾರೆ. ಹೆಚ್ಚು ಮಾಡುವುದೂ ಉಲ್ಲಂಘನೆಯೇ.

ಇಪ್ಪತ್ತೈದಕ್ಕೂ ಐದಕ್ಕೂ ಇರುವ ಅಂತರವು ನಗರವಾಸಿಗೆ ಅಷ್ಟಾಗಿ ತಿಳಿಯದು. ಹಾವೇರಿ ಜಿಲ್ಲೆಯ ಒಂದು ಹಳ್ಳಿಯಿಂದ ಹುಬ್ಬಳ್ಳಿಗೋ ಬೆಂಗಳೂರಿಗೋ ಬರಬೇಕಾದ ರೈತಸ್ತ್ರೀಯೊಬ್ಬಳನ್ನು ಊಹಿಸಿಕೊಂಡರೆ ತಿಳಿದೀತು. ಐದು ವಾರವೆಂದರೆ ಐದು ವಾರ ಅವಳ ಕೂಲಿಯಿಲ್ಲ. ಜೊತೆಗೆ ಬಂದ ಮಗನದೋ ತಮ್ಮನದೋ ಕೂಲಿಯೂ ಇಲ್ಲ. ಕೊಠಡಿಯ ಬಾಡಿಗೆ, ಹೋಟಲಿನ ಊಟ, ಮನೆಯಲ್ಲಿ ಹಾಲು ಕರೆಯಲು ಆಳಿಲ್ಲದೆ ನಿಂತ ಎಮ್ಮೆ. ಸರಕಾರದ ಯೋಜನೆಗಳು ಚಿಕಿತ್ಸೆಯ ವೆಚ್ಚವನ್ನು ಬಹುಮಟ್ಟಿಗೆ ಭರಿಸುತ್ತವೆಂಬುದು ನಿಜ. ಕರ್ನಾಟಕದಲ್ಲಿ ಬಡತನದ ರೇಖೆಯ ಕೆಳಗಿನವರಿಗೆ ೨೦೧೦ರಿಂದಲೇ ಅಂಥ ಯೋಜನೆಯು ಆರಂಭವಾಗಿ, ಈಗ ಆಯುಷ್ಮಾನ್ ಭಾರತ ಯೋಜನೆಯೊಡನೆ ಕೂಡಿಕೊಂಡಿದೆ. ಎಮ್ಮೆಯ ವೆಚ್ಚವನ್ನು ಯಾವ ಯೋಜನೆಯೂ ಭರಿಸುವುದಿಲ್ಲ. ಆಕೆ ಹನ್ನೊಂದನೆಯ ಸರದಿಯ ಬಳಿಕ ಊರಿಗೆ ಹೋದವಳು ಮರಳಿ ಬಾರದಿದ್ದರೆ ಆಶ್ಚರ್ಯವೇನು?

ಗರ್ಭಕಂಠದ ಅರ್ಬುದದಲ್ಲಿ ಈ ಸಂಗತಿಯು ಮತ್ತಷ್ಟು ಘೋರವಾಗಿ ಕಾಣುತ್ತದೆ. ರೋಗವು ಸ್ವಲ್ಪ ಬೆಳೆದಿರುವಾಗ ಕಿರಣಚಿಕಿತ್ಸೆಯ ಜೊತೆಯಲ್ಲಿಯೇ ಸಿಸ್‌ಪ್ಲಾಟಿನ್ ಕೊಡಬೇಕೆಂದು ಐದು ಪರೀಕ್ಷೆಗಳ ಆಧಾರದಿಂದ ಅಮೆರಿಕದ ರಾಷ್ಟ್ರೀಯ ಅರ್ಬುದ ಸಂಸ್ಥೆಯು ೧೯೯೯ರಲ್ಲಿ ವೈದ್ಯರಿಗೆಲ್ಲ ತಿಳುವಳಿಕೆ ನೀಡಿತು. ಆರಂಭದಿಂದ ಅಂತ್ಯದವರೆಗೆ ಚಿಕಿತ್ಸೆಯೆಲ್ಲವೂ ಎಂಟು ವಾರಗಳೊಳಗೆ ಮುಗಿಯಬೇಕು. ತಡವಾದಷ್ಟೂ ಫಲ ಕಡಿಮೆ. ಆದರೆ ಕಿರಣಯಂತ್ರಗಳು ವಿರಳವಾಗಿರುವ ದೇಶಗಳಲ್ಲಿ ಸರದಿಗಾಗಿ ಕಾಯುವ ಬದಲು ಮೊದಲು ಔಷಧವನ್ನು ಕೊಟ್ಟು ಗಡ್ಡೆಯನ್ನು ಕುಗ್ಗಿಸಿ ಬಳಿಕ ಶಸ್ತ್ರಕ್ರಿಯೆ ಮಾಡುವ ಒಳದಾರಿಯು ರೂಢಿಗೆ ಬಂತು. ಅದೂ ಸಮವೇ ಎಂದು ಹಲವರು ನಂಬಿದರು. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯವರು ನಂಬಿಕೆಗೆ ಬಿಡದೆ ೬೩೫ ಸ್ತ್ರೀಯರಲ್ಲಿ ಪರೀಕ್ಷಿಸಿ ೨೦೧೮ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಐದು ವರ್ಷಗಳಾದಾಗ ರೋಗವಿಲ್ಲದೆ ಬದುಕಿದ್ದವರು ವಿಧಿವತ್ತಾದ ಚಿಕಿತ್ಸೆಯಲ್ಲಿ ನೂರಕ್ಕೆ ೭೬.೭, ಒಳದಾರಿಯಲ್ಲಿ ೬೯.೩. ಒಳದಾರಿ ಹಿಡಿದ ವೈದ್ಯನನ್ನು ಯಂತ್ರವಿಲ್ಲದ ಊರಿನಲ್ಲಿ ನಿಂದಿಸಲಾಗದು. ಆದರೆ ಯಂತ್ರವಿಲ್ಲವೆಂಬ ಕಾರಣವನ್ನು ಬಚ್ಚಿಟ್ಟು, ತನಗೆ ಇದೇ ಮೇಲೆಂದು ತೋರಿತೆಂದು ಅವನು ಹೇಳಿದರೆ, ಯಂತ್ರವನ್ನು ತರಿಸಬೇಕಾದ ಆಡಳಿತಗಾರನು ಹಾಯಾಗಿ ನಿದ್ರಿಸುತ್ತಾನೆ.

ಮಾರ್ಗಸೂಚಿಗಳೆಲ್ಲವೂ ಪರದೇಶದ ಸರಕೆಂದು ಮೂಗು ಮುರಿಯುವ ಹಿರಿಯ ವೈದ್ಯರಿದ್ದಾರೆ. ಅವರ ಆಕ್ಷೇಪದಲ್ಲಿ ಸತ್ಯಾಂಶವಿಲ್ಲದಿಲ್ಲ. ಅಮೆರಿಕದ ರೋಗಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದ ಗ್ರಂಥವು ರಾಯಚೂರಿನ ರೋಗಿಗೆ ಹೊಂದದಿರಬಹುದು. ಅವನ್ನು ಬರೆಯುವ ಪಂಡಿತರಲ್ಲಿ ಔಷಧ ಕಂಪನಿಗಳಿಂದ ಹಣ ಪಡೆದವರೂ ಇದ್ದಾರೆಂಬ ಟೀಕೆಯು ಆ ದೇಶದಲ್ಲಿಯೇ ಎದ್ದಿದೆ. ಆದರೆ ಈ ಆಕ್ಷೇಪಕ್ಕೆ ಉತ್ತರವನ್ನು ಕೊಡುವ ಕಾರ್ಯವು ಭಾರತದಲ್ಲಿ ನಡೆದಿರುವಾಗ ಅದನ್ನು ಗಮನಿಸದೆ ಹಳೆಯ ಮಾತನ್ನೇ ಹೇಳುತ್ತಿರುವುದು ತರವಲ್ಲ. ತಂಬಾಕು ಅಗಿಯುವ ಈ ನಾಡಿನಲ್ಲಿ ಬಾಯಿಯ ಅರ್ಬುದವು ಮನೆಮಾತು. ಬಾಯೊಳಗಿನ ಗಡ್ಡೆಯು ಚಿಕ್ಕದಿದ್ದು ಕುತ್ತಿಗೆಯ ಗ್ರಂಥಿಗಳಲ್ಲಿ ಏನೂ ಕಾಣದಿರುವಾಗ ಅವನ್ನೂ ಆಗಲೇ ತೆಗೆಯಬೇಕೇ, ರೋಗವು ಅಲ್ಲಿ ತೋರಿಕೊಂಡಮೇಲೆ ತೆಗೆದರೆ ಸಾಕೇ ಎಂಬ ವಿವಾದವು ದಶಕಗಳಿಂದ ಬಗೆಹರಿಯದೆ ಉಳಿದಿತ್ತು. ಟಾಟಾ ಆಸ್ಪತ್ರೆಯವರೇ ೫೦೦ ರೋಗಿಗಳ ಫಲಿತಾಂಶವನ್ನು ೨೦೧೫ರಲ್ಲಿ ಜಗತ್ತಿನ ಮುಂದಿಟ್ಟರು: ಆಗಲೇ ತೆಗೆದವರಲ್ಲಿ ಮೂರು ವರ್ಷಗಳ ಬಳಿಕ ಬದುಕಿದ್ದವರು ನೂರಕ್ಕೆ ೮೦, ಕಾದು ನೋಡಿದವರಲ್ಲಿ ೬೭.೫. ಈ ವಿಧಿಯು ಮುಂಬಯಿಯಲ್ಲಿ ಹುಟ್ಟಿ ವಿದೇಶಗಳಿಗೆ ಹೋಯಿತು.

೨೦೧೨ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಕ್ಯಾನ್ಸರ್ ಗ್ರಿಡ್ ಎಂಬ ಒಕ್ಕೂಟದಲ್ಲಿ ಇಂದು ದೇಶದ ೩೦೦ಕ್ಕೂ ಹೆಚ್ಚು ಆಸ್ಪತ್ರೆಗಳೂ ಸಂಸ್ಥೆಗಳೂ ಸೇರಿವೆ. ಇದು ರಚಿಸಿರುವ ಮಾರ್ಗಸೂಚಿಗಳು ಚಿಕಿತ್ಸೆಗಳನ್ನು ಅತ್ಯಗತ್ಯವಾದುದು, ಉತ್ತಮವಾದುದು, ಐಚ್ಛಿಕವಾದುದು ಎಂದು ದೇಶದ ಶಕ್ತಿಗೆ ತಕ್ಕಂತೆ ಮೂರು ಬಗೆಯಾಗಿ ವಿಂಗಡಿಸುತ್ತವೆ. ಕೋಟ್ಯಧಿಪತಿಗೆ ಮಾತ್ರ ಸಾಧ್ಯವಾದ ಔಷಧವನ್ನು ಎಲ್ಲರಿಗೂ ವಿಧಿಸಿ, ಕೊಡಲಾರದ ವೈದ್ಯನನ್ನು ತಪ್ಪಿತಸ್ಥನನ್ನಾಗಿ ಮಾಡುವ ಸಂಕಟವು ಇದರಿಂದ ತಪ್ಪುತ್ತದೆ. ಅತ್ಯಗತ್ಯವೆಂದು ಬರೆದದ್ದನ್ನು ಬಿಡಲು ಬಡತನದ ನೆಪವೂ ಇನ್ನು ಸುಲಭವಾಗಿ ದೊರೆಯದು.

ವಿಧಿಯನ್ನು ಬಿಟ್ಟದ್ದನ್ನು ಬಚ್ಚಿಡದೆ ಪರೀಕ್ಷೆಗೊಡ್ಡಿದರೆ ಅದೇ ಹೊಸ ವಿಧಿಗೆ ಬೀಜವಾಗುವುದೂ ಉಂಟು. ನಿವೊಲುಮ್ಯಾಬ್ ಎಂಬ ಔಷಧವು ದೇಹದ ರಕ್ಷಣಾಶಕ್ತಿಯನ್ನು ಎಚ್ಚರಿಸಿ ಅರ್ಬುದದೊಡನೆ ಹೋರಾಡಿಸುವಂಥದು. ಅದರ ರೂಢಿಯ ಪ್ರಮಾಣವು ಎರಡು ವಾರಗಳಿಗೊಮ್ಮೆ ೨೪೦ ಮಿಲಿಗ್ರಾಮು. ಅದರ ಬೆಲೆಯನ್ನು ತೆರಬಲ್ಲವರು ಈ ದೇಶದಲ್ಲಿ ಬೆರಳೆಣಿಕೆಯಷ್ಟು. ಟಾಟಾ ಸ್ಮಾರಕ ಕೇಂದ್ರದ ವೈದ್ಯರು ಮೂರು ವಾರಗಳಿಗೊಮ್ಮೆ ಕೇವಲ ೨೦ ಮಿಲಿಗ್ರಾಮನ್ನು ಅಗ್ಗದ ಮಾತ್ರೆಗಳ ಜೊತೆ ಸೇರಿಸಿ, ಗುಣವಾಗುವ ಆಸೆಯಿಲ್ಲದ ತಲೆ ಕುತ್ತಿಗೆಯ ಅರ್ಬುದದ ೧೫೧ ರೋಗಿಗಳಲ್ಲಿ ಪರೀಕ್ಷಿಸಿದರು. ಮಾತ್ರೆಗಳನ್ನಷ್ಟೇ ಪಡೆದವರಲ್ಲಿ ಒಂದು ವರ್ಷದ ಬಳಿಕ ಬದುಕಿದ್ದವರು ನೂರಕ್ಕೆ ೧೬.೩, ಈ ಅಲ್ಪಪ್ರಮಾಣವನ್ನೂ ಪಡೆದವರಲ್ಲಿ ೪೩.೪. ಫಲಿತಾಂಶವು ೨೦೨೨ರಲ್ಲಿ ಹೊರಬಂತು. ಒಬ್ಬ ವೈದ್ಯನು ತನ್ನ ಕೊಠಡಿಯೊಳಗೆ ಪ್ರಮಾಣವನ್ನು ತಗ್ಗಿಸಿ ಸುಮ್ಮನಿದ್ದಿದ್ದರೆ ಅದರ ಗುಣವಾಗಲಿ ದೋಷವಾಗಲಿ ಯಾರಿಗೆ ತಿಳಿಯುತ್ತಿತ್ತು?

ಬೆಂಗಳೂರಿನಲ್ಲಿಯೇ ನಡೆದ ಇನ್ನೊಂದು ಪ್ರಸಂಗವನ್ನು ಇಲ್ಲಿ ಹೇಳಬೇಕು. ಮಣಿಪಾಲ ಆಸ್ಪತ್ರೆಯ ಅರ್ಬುದ ಕೇಂದ್ರದವರು ತಮ್ಮಲ್ಲಿ ಚಿಕಿತ್ಸೆ ಪಡೆದ ೬೩೮ ಸ್ತನಾರ್ಬುದಗಳ ವಿವರಗಳನ್ನು ಐಬಿಎಂ ಕಂಪನಿಯ ವಾಟ್ಸನ್ ಎಂಬ ಗಣಕಯಂತ್ರದ ಮುಂದಿಟ್ಟು, ಅದರ ಸಲಹೆಗೂ ತಮ್ಮ ವೈದ್ಯಮಂಡಲಿಯ ನಿರ್ಣಯಕ್ಕೂ ಎಷ್ಟು ಹೊಂದಿಕೆಯಿದೆಯೆಂದು ಪರಿಶೀಲಿಸಿದರು; ೨೦೧೮ರಲ್ಲಿ ಇದು ಪ್ರಕಟವಾಯಿತು. ಚಿಕಿತ್ಸೆಯು ನಡೆದ ಕಾಲದ ನಿರ್ಣಯಗಳಲ್ಲಿ ಹೊಂದಿಕೆಯಿದ್ದದ್ದು ನೂರಕ್ಕೆ ೭೩. ಯಂತ್ರದ ಉತ್ತರವನ್ನಾಗಲಿ ತಮ್ಮ ಹಳೆಯ ನಿರ್ಣಯವನ್ನಾಗಲಿ ನೋಡದೆ ಅದೇ ಮಂಡಲಿಯು ಕೆಲಕಾಲದ ಮೇಲೆ ಅವನ್ನು ಮರುಪರಿಶೀಲಿಸಿದಾಗ ೯೩. ನಡುವೆ ವೈದ್ಯರು ಬದಲಾಗಿರಲಿಲ್ಲ. ಒಂದೆರಡು ವರ್ಷಗಳಲ್ಲಿ ಶಾಸ್ತ್ರವು ಮುಂದೆ ಸಾಗಿತ್ತು. ನಿನ್ನೆಯ ಕಡತವನ್ನು ಇಂದಿನ ಗ್ರಂಥದಿಂದ ಅಳೆದರೆ ವೈದ್ಯನಿಗೆ ಅನ್ಯಾಯವಾಗುತ್ತದೆಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕಿಲ್ಲ. ಅಂದು ಭಾರಿ ಸದ್ದು ಮಾಡಿದ ಯಂತ್ರವಿದ್ಯೆಯೂ ಬಹುಕಾಲ ಬಾಳಲಿಲ್ಲ. ಆ ಕಂಪನಿಯು ೨೦೨೨ರಲ್ಲಿ ತನ್ನ ಆರೋಗ್ಯವಿಭಾಗದ ಬಹುಭಾಗವನ್ನು ಮಾರಿಬಿಟ್ಟಿತು. ವೈದ್ಯರು ಒಟ್ಟಿಗೆ ಕುಳಿತು ಪ್ರತಿಯೊಂದು ಕೇಸನ್ನೂ ಚರ್ಚಿಸುವ ಮಂಡಲಿಯ ಪದ್ಧತಿ ಮಾತ್ರ ಉಳಿದುಕೊಂಡಿದೆ. ಉಳಿಯತಕ್ಕದ್ದೂ ಅದೇ. ಒಬ್ಬನ ಅಭ್ಯಾಸದ ದೋಷವು ನಾಲ್ವರ ಮುಂದೆ ಮಾತನಾಡುವಾಗ ತಾನಾಗಿ ಬಯಲಿಗೆ ಬರುತ್ತದೆ. ನಿಜವಾದ ಯುಕ್ತಿಯಾದರೆ ನಾಲ್ವರೂ ತಲೆದೂಗುತ್ತಾರೆ.

ಆದುದರಿಂದ ಅರ್ಬುದ ಚಿಕಿತ್ಸೆಯನ್ನು ನೀಡುವ ಪ್ರತಿಯೊಂದು ಆಸ್ಪತ್ರೆಯ ಕಡತದಲ್ಲಿಯೂ ಎರಡು ಸಾಲುಗಳಿಗೆ ಸ್ಥಳವಿರಬೇಕು. ಈ ರೋಗಿಗೆ ಮಾರ್ಗಸೂಚಿಯು ಹೇಳು‌ವ ಚಿಕಿತ್ಸೆ ಯಾವುದೆಂಬುದು ಒಂದು. ಕೊಟ್ಟದ್ದು ಬೇರೆಯಾದರೆ ಕಾರಣವೇನೆಂಬುದು ಇನ್ನೊಂದು. ಬರೆಯಲು ಎರಡು ನಿಮಿಷ ಸಾಕು. ಅದರ ಪ್ರತಿಯನ್ನು ರೋಗಿಯ ಮನೆಯವರಿಗೂ ಅವರು ಓದಬಲ್ಲ ಕನ್ನಡದಲ್ಲಿ ಕೊಡಬೇಕು. ವೈದ್ಯರನ್ನು ಪ್ರಶ್ನಿಸುವುದು ಅವಿಧೇಯತೆಯೆಂಬ ಭಾವನೆಯು ಹಳ್ಳಿಗರಲ್ಲಿ ಇನ್ನೂ ಬಲವಾಗಿದೆ. ಸ್ವಾಮೀ, ಈ ರೋಗಕ್ಕೆ ಪುಸ್ತಕದಲ್ಲಿ ಹೇಳಿರುವುದೇನು, ನಮಗೆ ಕೊಡುತ್ತಿರುವುದು ಅದೇಯೋ ಎಂದು ಕೈಮುಗಿದು ಕೇಳಿದರೆ ಒಳ್ಳೆಯ ವೈದ್ಯನು ಕೋಪಿಸಿಕೊಳ್ಳುವುದಿಲ್ಲ. ಓದು ಕಲಿತ ಮಕ್ಕಳು ತಮ್ಮ ತಂದೆತಾಯಿಗಳ ಪರವಾಗಿ ಈ ಮಾತನ್ನು ಕೇಳಲು ಸಂಕೋಚಪಡಬಾರದು.

ಕಡೆಯದಾಗಿ ಒಂದು ವಾಕ್ಯದ ವಿಚಾರ. ಚಿಕಿತ್ಸೆಯನ್ನು ಅರ್ಧಕ್ಕೆ ನಿಲ್ಲಿಸಿದವರ ಕಡತಗಳ ಕೊನೆಯಲ್ಲಿ ರೋಗಿಯು ಮರಳಿ ಬರಲಿಲ್ಲ ಎಂಬರ್ಥದ ಮಾತನ್ನು ಬರೆದು ಮುಚ್ಚಿಬಿಡುವುದು ವಾಡಿಕೆ. ವಾಕ್ಯವು ವ್ಯಾಕರಣಶುದ್ಧವಾಗಿದೆ, ಕರ್ತೃಪದವೂ ಕ್ರಿಯಾಪದವೂ ಸರಿಯಾಗಿಯೇ ಇವೆ. ಆದರೆ ಆ ವಾಕ್ಯದಲ್ಲಿ ತಪ್ಪಿನ ಕರ್ತೃವು ರೋಗಿಯೊಬ್ಬಳೇ ಆಗಿಬಿಡುತ್ತಾಳೆ. ಹನ್ನೊಂದನೆಯ ಸರದಿಗೆ ನಿಂತ ಹಾವೇರಿಯ ಆ ತಾಯಿಯ ಕಡತದಲ್ಲಿ ಹಾಗೆ ಬರೆಯುವ ಮುನ್ನ ಯಾರಾದರೊಬ್ಬರು ಅವಳ ಮನೆಗೆ ಫೋನು ಮಾಡಿ ಕಾರಣವನ್ನು ಕೇಳಿ ಬರೆದುಕೊಳ್ಳಲಿ. ಉಳಿದುಕೊಳ್ಳಲು ಸ್ಥಳವಿರಲಿಲ್ಲವೆಂದು ಇಂಥ ಇನ್ನೂರು ಕಡತಗಳಲ್ಲಿ ಬರೆದಿದ್ದರೆ, ಆಸ್ಪತ್ರೆಯ ಬಳಿ ಒಂದು ಧರ್ಮಶಾಲೆಯನ್ನು ಕಟ್ಟಿಸಬೇಕೆಂದಿರುವ ದಾನಿಗೆ ಆ ಕಾಗದಗಳನ್ನೇ ತೋರಿಸಬಹುದು. ಐದು ವಾರ ಕೂಲಿ ಬಿಡಲಾಗಲಿಲ್ಲವೆಂದು ಬರೆದಿದ್ದರೆ, ಆಕೆಗೆ ಒಂದು ವಾರದ ಕ್ರಮವು ಒಪ್ಪುತ್ತಿತ್ತೇ ಎಂದು ಮಂಡಲಿಯ ವೈದ್ಯರು ಮುಂದಿನ ಸಭೆಯಲ್ಲಿ ಒಬ್ಬರನ್ನೊಬ್ಬರು ಕೇಳಿಕೊಳ್ಳಬಹುದು.